ದೊರೆಗೆ ನಾಲ್ಕನೇ ಜ್ವರ

ಕೂಟಗಲ್ಲಿನ ದೊಡ್ಡಲಕ್ಷ್ಮಮ್ಮ ತನ್ನ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಇಡೀ ಸಾಮ್ರಾಜ್ಯವನ್ನು ಓದಿ ಮುಗಿಸುವುದಾಗಿ ಘೋಷಿಸಿಬಿಟ್ಟಳು! ಅದೂ ಒಂದಕ್ಷರ ಬಿಡದೆ, ಒಂದು ಒತ್ತು ನುಂಗದೆ!

ಸಾಮ್ರಾಜ್ಯದ ಹೆಸರು ಕಿರೀಟಗಿರಿ. ಅದನ್ನು ಕಟ್ಟಿದವಳು ಸೊಸೆ ಮಮತಾ, ರಾಮನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮೂರು ವರ್ಷದಿಂದ ಅವಳು ಬೇಳೆ ಬೇಯುವಷ್ಟರಲ್ಲಿ ಒಂದು ಯುದ್ಧ, ಅನ್ನ ಬಸಿಯುವಷ್ಟರಲ್ಲಿ ಒಂದು ಪಟ್ಟಾಭಿಷೇಕ ಎಂಬಂತೆ ಅಡುಗೆಮನೆಯ ಕಟ್ಟೆಯ ಮೇಲೆ ಬರೆದೇ ಬರೆದಿದ್ದಳು. ಕಥೆ ಇಷ್ಟು: ಮೇರುವರ್ಮ ಎಂಬ ಮುದಿ ದೊರೆ. ಅವನಿಗೆ ಕ್ಷತ್ರಂಜಯ ಎಂಬ ಮಗ, ಜ್ವಾಲಿನಿ ಎಂಬ ಮಗಳು. ದೊರೆ ಕಣ್ಣು ಮುಚ್ಚುತ್ತಲೇ ಸಿಂಹಾಸನಕ್ಕಾಗಿ ಅಣ್ಣ ತಂಗಿ ಕತ್ತಿ ಹಿರಿಯುತ್ತಾರೆ. ಅಣ್ಣನ ಕಡೆ ಹತ್ತು ಸಾವಿರ ಕುದುರೆ. ತಂಗಿಯ ಕಡೆ ಬೆಂಕಿ ಉಗುಳುವ ರೆಕ್ಕೆಯ ಹಾವು ಒಂದೇ ಒಂದು.

ಬೆಂಗಳೂರಿನ ಒಂದು ಪ್ರಕಾಶನದವರು ಕಾಗದ ಬರೆದಿದ್ದರು. ಮೊದಲ ನೂರಿಪ್ಪತ್ತು ಪುಟ ಟೈಪು ಮಾಡಿಸಿ ತಿಂಗಳ ಕೊನೆಯೊಳಗೆ ಮೇಲ್ ಮಾಡಿ, ಹಿಡಿಸಿದರೆ ಪುಸ್ತಕ ತರುತ್ತೇವೆ ಎಂದು. ಹಿಡಿಸದಿದ್ದರೆ ಮೂರು ವರ್ಷದ ಬರಹ ಅಟ್ಟ ಸೇರುವುದೇ ಸೈ.

"ಕಳ್ಸೋಕೆ ಮುಂಚೆ ಮನೇಲಿ ಯಾರಾದ್ರೂ ಒಬ್ರು ಓದಿದ್ರೆ ಚೆನ್ನಾಗಿತ್ತು" ಎಂದು ಮಮತಾ ಗಂಡ ಮಧುಕುಮಾರನ ಮುಖ ನೋಡಿದಳು.

ಅವನು ಮೊಬೈಲಿನಿಂದ ತಲೆ ಎತ್ತದೆ, "ಸಿನಿಮಾ ಆದಾಗ ಹೇಳು, ನೋಡ್ತೀನಿ" ಅಂದ.

"ತತ್ತಾ ಇಲ್ಲಿ. ನಾ ಓದ್ತೀನಿ!" ಅಂದಳು ದೊಡ್ಡಲಕ್ಷ್ಮಮ್ಮ.

ಮಧುಕುಮಾರ ಆಗ ತಲೆ ಎತ್ತಿದ. "ಅವ್ವ, ನೀನು ಬಸ್ಸಿನ ಬೋರ್ಡು ಓದಿ ಮುಗ್ಸೋ ಒತ್ಗೆ ಬಸ್ಸು ಮಾಗಡಿ ಸೇರಿರ್ತದೆ!"

"ಸೇರ್ಲಿ ಬುಡ್ಲಾ! ತಪ್ಪು ಬಸ್ಸಂತೂ ಒಂದಿನಾನೂ ಹತ್ನಿಲ್ಲ ನಾನು. ನಿನ್ನಂಗೆ ಕನಕಪುರಕ್ಕೆ ಅಂತ ಒಂಟು ಚನ್ನಪಟ್ಣದಲ್ಲಿ ಇಳ್ಕಂಡು ಫೋನ್ ಮಾಡ್ದೋಳಲ್ಲ."

ಮಧುಕುಮಾರ ಮತ್ತೆ ಮೊಬೈಲಿನೊಳಗೆ ಹೊಕ್ಕ.

ಮಾತು ಸುಳ್ಳಲ್ಲ. ಗಂಡ ತೀರಿಕೊಂಡ ಮೇಲೆ ಸಾಕ್ಷರತಾ ಕ್ಲಾಸಿಗೆ ಹೋಗಿ ಒಂದೊಂದೇ ಅಕ್ಷರ ಕೂಡಿಟ್ಟುಕೊಂಡವಳು ದೊಡ್ಡಲಕ್ಷ್ಮಮ್ಮ. ಓದುವುದು ನಿಧಾನ. ಆದರೆ ಬೆರಳಿಟ್ಟು ಓದಿದ ಸಾಲಿನಲ್ಲಿ ಒಂದು ಸೊನ್ನೆಯೂ ಅವಳ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದ ಕಣ್ಣು ಅದು. ತಟ್ಟೆಯಲ್ಲಿ ಸಾವಿರ ಹುಳು ಇದ್ದು ಅದರಲ್ಲಿ ಒಂದು ಮುನಿಸಿಕೊಂಡು ಕೂತಿದ್ದರೂ ಹುಡುಕಿ ಎತ್ತುತ್ತಿತ್ತು!

ಮಮತಾ ಸಂತೋಷದಿಂದ ನೂರಿಪ್ಪತ್ತು ಹಾಳೆಯ ಕಟ್ಟನ್ನು ಅತ್ತೆಯ ಕೈಗಿಟ್ಟಳು. "ನಿಧಾನಕ್ಕೆ ಓದಿ ಅತ್ತೆ. ತಪ್ಪು ಕಂಡ್ರೆ ಅಲ್ಲೇ ಸರಿ ಮಾಡ್ಬಿಡಿ" ಎಂದಳು.

ಪಾಪ, ಅವಳು ಹೇಳಿದ್ದು ಕೊಂಬು, ದೀರ್ಘ, ಒತ್ತಿನ ತಪ್ಪು. ತಪ್ಪು ಎಂಬ ಪದ ಎಷ್ಟು ಅಗಲ ಅಂತ ಸೊಸೆ ಅಳೆಯಲಿಲ್ಲ. ಅತ್ತೆ ಅಳೆದಳು!

ಹುಳು ಮನೆಗೆ ಮರಿ ಬಂದ ದಿನವೇ ಓದು ಶುರುವಾಯಿತು. ಬೆಳಗ್ಗೆ ಸೊಪ್ಪು ಹಾಕಿ ಎರಡು ಹಾಳೆ, ಮಧ್ಯಾಹ್ನ ಸೊಪ್ಪು ಹಾಕಿ ಎರಡು ಹಾಳೆ, ಸಂಜೆಗೆ ಎರಡು. ದಿನಕ್ಕೆ ಆರು. ಆರಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಮಗಳು ಜ್ವಾಲಿನಿ ಹೇಗೋ ನಾಲಿಗೆಗೆ ಒಗ್ಗಿದಳು. ಮಗ ಕ್ಷತ್ರಂಜಯ ಒಗ್ಗಲಿಲ್ಲ. ಅವನ ಹೆಸರು ದೂರದಲ್ಲಿ ಕಂಡರೆ ಸಾಕು, ದೊಡ್ಡಲಕ್ಷ್ಮಮ್ಮ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಅವನ ಮೇಲೆ ಯುದ್ಧ ಸಾರುತ್ತಿದ್ದಳು. ಹಾಳೆಗೆ ಆರು ಸಲ ಬರುವ ರಾಜಕುಮಾರ! ಮಡಕೆ ನೀರು ಮಧ್ಯಾಹ್ನಕ್ಕೇ ಖಾಲಿ!

ಏಳನೇ ಹಾಳೆಯಲ್ಲಿ ಮೊದಲ ತಪ್ಪು ಸಿಕ್ಕಿತು. ರಾಜ್ಯದ ಗಡಿಯಲ್ಲಿ ಕ್ಷತ್ರಂಜಯನ ಹತ್ತು ಸಾವಿರ ಕುದುರೆಗಳು ಮೂರು ಹಗಲು ಮೂರು ಇರುಳು ಕದಲದೆ ನಿಂತಿದ್ದವಂತೆ. ದೊಡ್ಡಲಕ್ಷ್ಮಮ್ಮ ಅಲ್ಲೇ ಬೆರಳು ನಿಲ್ಲಿಸಿದಳು. ಕೊಟ್ಟಿಗೆಯ ಎರಡು ಹಸುವಿಗೆ ಹುಲ್ಲು ತರುವುದರಲ್ಲಿ, ಸಗಣಿ ಬಾಚುವುದರಲ್ಲಿ ಅವಳ ಸೊಂಟ ಬೀಳುತ್ತದೆ. ಇಲ್ಲಿ ಹತ್ತು ಸಾವಿರ! ಮೂರು ದಿನ! ಸೇನಾಪತಿ ಗರ್ಜಿಸುತ್ತಾನೆ, ಕಹಳೆ ಮೊಳಗುತ್ತದೆ, ಬಾವುಟ ಹಾರುತ್ತದೆ. ಲದ್ದಿಯ ಸುದ್ದಿಯೇ ಇಲ್ಲ!

ಪೆನ್ಸಿಲ್ ಅವಳ ಕಣ್ಣಿಗೆ ಕಾಣದು. ಸೊಸೆಯ ನೀಲಿ ಪೆನ್ನನ್ನೇ ತೆಗೆದುಕೊಂಡು ಸಾಲಿನ ಮೇಲೆ ಬರೆದಳು: "ಹುಲ್ಲು ಕುಯ್ದವರು ಯಾರು. ಲದ್ದಿ ಎತ್ತಿದವರು ಯಾರು." ಪ್ರಶ್ನೆಯ ಗುರುತು ಹಾಕುವ ಪಾಠಕ್ಕೆ ಬರುವಷ್ಟರಲ್ಲಿ ಸಾಕ್ಷರತಾ ಕ್ಲಾಸು ನಿಂತುಹೋಗಿತ್ತು.

ಒಂದು ತಪ್ಪು ಸಿಕ್ಕಿದ್ದೇ ತಡ, ಉಳಿದವು ತಾವಾಗಿ ಬಂದು ಸಾಲುಗಟ್ಟಿ ನಿಂತವು. ಹತ್ತೊಂಬತ್ತನೇ ಹಾಳೆಯಲ್ಲಿ ಜ್ವಾಲಿನಿ ರೇಷ್ಮೆ ಸೀರೆ ಉಟ್ಟು ಬೆಂಕಿ ಉಗುಳುವ ಹಾವನ್ನು ಏರಿದಳು. "ರೇಷ್ಮೆ ಬೇಡ. ಹತ್ತಿ ಸೀರೆ ಉಡು" ಎಂದು ದೊಡ್ಡಲಕ್ಷ್ಮಮ್ಮ ನೇರವಾಗಿ ಅವಳಿಗೇ ಬರೆದಳು. ಮೂವತ್ತೊಂದನೇ ಹಾಳೆಯಲ್ಲಿ ಎರಡು ಸಾವಿರ ಜನ ಸಾಮಂತರಿಗೆ ಒಂದು ಹಂಡೆ ಪಾಯಸ. "ಸಾಲದು. ಒಂಬತ್ತು ಹಂಡೆ." ನಲವತ್ತನೇ ಹಾಳೆಯಲ್ಲಿ ಸೇನಾಪತಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಒಂದೇ ಸಮನೆ ಕತ್ತಿ ಬೀಸಿದ. "ಇವನು ಬೆಳಗ್ಗೆಯಿಂದ ಏನೂ ಉಂಡಿಲ್ಲ."

ಒಂಬತ್ತನೇ ದಿನ ಮಮತಾ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಮೈಸೂರಿಗೆ ಹೊರಟಳು. ಇಪ್ಪತ್ತು ದಿನ ಅಲ್ಲೇ ಅಕ್ಕನ ಮನೆಯಲ್ಲಿ ವಾಸ. ಹೊರಡುವ ಗಡಿಬಿಡಿಯಲ್ಲಿ ಚೀಲಕ್ಕೆ ಸೀರೆ ತುರುಕುತ್ತ, "ಓದಾದ್ಮೇಲೆ ಕಟ್ಟನ್ನ ಆಫ್ತಾಬ್ ಅಂಗಡಿಗೆ ಕೊಟ್ಬಿಡಿ ಅತ್ತೆ. ಟೈಪ್ ಮಾಡಿ ಅವ್ನೇ ಮೇಲ್ ಕಳಿಸ್ತಾನೆ. ಎಲ್ಲಾ ಹೇಳಿದೀನಿ. ತಪ್ಪೇನಾದ್ರೂ ಸಿಕ್ತಾ?" ಎಂದು ಕೇಳಿದಳು.

"ಸಿಕ್ತು, ಒಸಿ. ಸರಿ ಮಾಡಿವ್ನಿ ಬುಡು, ನೀನು ಬಸ್ಸು ನೋಡ್ಕೊ."

"ನೀವಿಲ್ದಿದ್ರೆ ನನ್ ಗತಿ ಏನಾಗ್ತಿತ್ತೋ!" ಎಂದು ಸೊಸೆ ಅತ್ತೆಯ ಕೈ ಹಿಡಿದು ಹೇಳಿ ಹೋದಳು.

ಹತ್ತನೇ ದಿನ ದೊಡ್ಡ ವಿಷಯ ನಡೆಯಿತು. ಹುಳು ನಾಲ್ಕನೇ ಜ್ವರಕ್ಕೆ ಕೂತವು.

ರೇಷ್ಮೆ ಹುಳು ಹುಟ್ಟಿದಾಗಿನಿಂದ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಬೆಳೆಗಾರರು ಅನ್ನುವುದು ಜ್ವರ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿ ಕಲ್ಲಿನಂತೆ ಕೂತಿರುತ್ತದೆ. ಅರಿಯದವರು ಸತ್ತೇ ಹೋಯಿತು ಅಂದುಕೊಳ್ಳಬೇಕು. ಮರುದಿನ ಹಳೆ ಪೊರೆ ಕಳಚಿ ಎದ್ದು ತಿನ್ನಲು ಶುರು ಮಾಡಿತೋ, ಹೊತ್ತು ತಂದ ಸೊಪ್ಪು ಸಾಲದು! ನಾಲ್ಕನೇ ಜ್ವರ ಎದ್ದ ಮೇಲಂತೂ ಮಳೆ ಹೊಯ್ದಂತೆ ಸರಸರ ಸದ್ದು.

ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಕೆಲಸವಿಲ್ಲ. ದೊಡ್ಡಲಕ್ಷ್ಮಮ್ಮ ಹುಳು ಮನೆಯ ಬಾಗಿಲಲ್ಲೇ ಚಾಪೆ ಹಾಸಿ, ಕನ್ನಡಕ ಏರಿಸಿ, ಐವತ್ತೆಂಟನೇ ಹಾಳೆ ಹಿಡಿದಳು. ಅಲ್ಲಿ ಸೊಸೆ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: "ದೊರೆ ಮೇರುವರ್ಮನಿಗೆ ನಾಲ್ಕನೆಯ ಸಲ ಜ್ವರ ಬಂದಿತು. ಅನ್ನ ಬಿಟ್ಟ. ಮಾತು ಬಿಟ್ಟ. ತಲೆಯನ್ನು ದಿಂಬಿನ ಮೇಲೆ ಎತ್ತರಿಸಿ ಅಲ್ಲಾಡದೆ ಮಲಗಿದ."

"ಅದೇ ಮತ್ತೆ!" ಎಂದು ದೊಡ್ಡಲಕ್ಷ್ಮಮ್ಮ ತೊಡೆ ತಟ್ಟಿಕೊಂಡಳು. ಮೊದಲ ಬಾರಿಗೆ ಸೊಸೆ ಒಂದು ತಪ್ಪೂ ಇಲ್ಲದೆ ಬರೆದಿದ್ದಳು. ಹೆಮ್ಮೆಯಿಂದ ಐವತ್ತೊಂಬತ್ತನೇ ಹಾಳೆ ತಿರುವಿದಳು. "ಮರುದಿನ ಸೂರ್ಯ ಉದಯಿಸಿದ. ದೊರೆ ಅಸ್ತಂಗತನಾದ."

ಅಸ್ತಂಗತ ಎಂಬುದನ್ನು ಬಿಡಿಸಿಕೊಳ್ಳಲು ಒಂದು ಲೋಟ ನೀರು ಹಿಡಿಯಿತು. ಬಿಡಿಸಿದ ಮೇಲೆ ನೀರು ನೆತ್ತಿಗೇರಿತು. ಸತ್ತನೇ! ನಾಲ್ಕನೇ ಜ್ವರ ಎದ್ದು ಗಬಗಬ ತಿನ್ನಬೇಕಾದ ಹೊತ್ತಿನಲ್ಲಿ ಸತ್ತನೇ! ಹುಳು ಸಾಕುವ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ, ಇಷ್ಟೂ ತಿಳಿಯದೆ! ನಾಳೆ ಈ ಪುಸ್ತಕ ರಾಮನಗರದಲ್ಲಿ ಯಾರಾದರೂ ಓದಿದರೆ, ದೊಡ್ಡಲಕ್ಷ್ಮಮ್ಮನ ಸೊಸೆಗೆ ಜ್ವರ ಯಾವುದು ಸಾವು ಯಾವುದು ಗೊತ್ತಿಲ್ಲ ಅಂತ ಆಡಿಕೊಳ್ಳುವುದಿಲ್ಲವೇ?

ಅಸ್ತಂಗತನ ಮೇಲೆ ಉದ್ದಕ್ಕೂ ಗೀಟು ಎಳೆದಳು. ಮೇಲೆ ಬರೆದಳು: "ದೊರೆ ಜ್ವರ ಎದ್ದ. ಹೊಟ್ಟೆ ತುಂಬ ಉಂಡ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೊರೆ ಬದುಕಿದ್ದು ಮುಂದಿನ ಹಾಳೆಗಳಿಗೆ ಗೊತ್ತಿರಲಿಲ್ಲವಲ್ಲ! ಅವುಗಳ ಪಾಡಿಗೆ ಅವು ಅಳುತ್ತಿದ್ದವು, ಚಿತೆ ಹೊತ್ತಿಸುತ್ತಿದ್ದವು, ತಿಥಿ ಮಾಡುತ್ತಿದ್ದವು. ಒಂದು ಕಡೆ ಸರಿ ಮಾಡಿದ ಮೇಲೆ ಎಲ್ಲ ಕಡೆಯೂ ಸರಿ ಮಾಡಬೇಕು. ದೊಡ್ಡಲಕ್ಷ್ಮಮ್ಮ ಅರ್ಧ ಕೆಲಸ ಬಿಡುವವಳಲ್ಲ. "ದೊರೆಯಿಲ್ಲದ ಅರಮನೆ ಬಿಕೋ ಎನ್ನುತ್ತಿತ್ತು" ಎಂದಿದ್ದಲ್ಲಿ "ದೊರೆ ಒಳಗೆ ಉಣ್ಣುತ್ತಿದ್ದ" ಎಂದು ಬರೆದಳು. ಕ್ಷತ್ರಂಜಯ ಕತ್ತಿ ಎತ್ತಿ "ನನ್ನ ತಂದೆಯ ಚಿತೆಯ ಮೇಲಾಣೆ!" ಎಂದು ಗುಡುಗಿದ. ಬದುಕಿರುವವನಿಗೆ ಎಲ್ಲಿಯ ಚಿತೆ? ಚಿತೆಗೆ ಗೀಟು ಬಿತ್ತು: "ನನ್ನ ತಂದೆಯ ತಟ್ಟೆಯ ಮೇಲಾಣೆ!" ಜ್ವಾಲಿನಿ ಹಾವಿನ ಬೆನ್ನ ಮೇಲಿಂದ "ಸಿಂಹಾಸನ ಬರಿದಾಗಿದೆ, ಅದು ನನ್ನದು!" ಎಂದು ಕೂಗಿದಳು. ತಿದ್ದಿದ ಮೇಲೆ ಹೀಗಾಯಿತು: "ತಟ್ಟೆ ಬರಿದಾಗಿದೆ, ಇನ್ನೊಂದು ಮುದ್ದೆ ತನ್ನಿ!"

ಹದಿನೆಂಟನೇ ದಿನ ಹುಳು ಹಣ್ಣಾದವು, ಅಂದರೆ ತಿನ್ನುವುದು ಬಿಟ್ಟು ನೂಲು ಬಿಡಲು ಸಿದ್ಧವಾದವು. ಎತ್ತಿ ಎತ್ತಿ ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡುವುದರಲ್ಲಿ ಎರಡು ದಿನ ಓದು ನಿಂತಿತು. ಹುಳು ನೂಲು ಸುತ್ತಿಕೊಂಡು ಗೂಡು ಸೇರಿದವು. ದೊಡ್ಡಲಕ್ಷ್ಮಮ್ಮ ಕೈ ತೊಳೆದು ಬಂದು ಮತ್ತೆ ದೊರೆಗೆ ಬಡಿಸಲು ಕೂತಳು. ಇಪ್ಪತ್ತೆರಡನೇ ದಿನ ನೂರಿಪ್ಪತ್ತನೇ ಹಾಳೆ ಮುಗಿಯಿತು. ಎಲ್ಲ ಸೇರಿ ದೊರೆ ಉಂಡದ್ದು ಇಪ್ಪತ್ತಾರು ಊಟ. ಎಣಿಸಿ ನೋಡಿದ್ದಳು.

ರಾಮನಗರದ ಬಸ್ ನಿಲ್ದಾಣದ ಹಿಂದೆ ಆಫ್ತಾಬನ ಟೈಪಿಂಗ್ ಅಂಗಡಿ. ಕಟ್ಟು ಬಿಚ್ಚಿದ ಆಫ್ತಾಬ್ ಹಾಳೆಯನ್ನು ಬೆಳಕಿಗೆ ಹಿಡಿದ.

"ಅಮ್ಮಾ, ಇದ್ರಾಗೆ ಅಕ್ಷರ ಎರಡು ತರ ಐತಲ್ಲ?"

"ಸಣ್ಣದು ಸೊಸೇದು. ದಪ್ಪದು ನಂದು. ತಪ್ಪು ಸರಿ ಮಾಡಿವ್ನಿ ಕಣಪ್ಪ."

"ಗೀಟು ಹಾಕಿದ್ದು ಬಿಡು, ಮೇಲೆ ಬರ್ದಿದ್ದು ಸೇರ್ಸು ಅಂತ ಮೇಡಂ ಹೇಳವ್ರೆ."

"ಅಂಗೇ ಮಾಡು. ಒಂದಕ್ಷರ ಬುಡಬ್ಯಾಡ."

"ನಮ್ದು ಮಕ್ಕಿ ಕಾ ಮಕ್ಕಿ ಅಮ್ಮಾ! ಅರ್ಥ ನೋಡೋಕೆ ಹೋದ್ರೆ ಸ್ಪೀಡು ಹೋಗ್ತದೆ. ನಾನು ಹದಿನಾಲ್ಕು ವರ್ಷದಿಂದ ಏನೂ ಓದೇ ಇಲ್ಲ, ಬರೀ ಟೈಪ್ ಮಾಡಿವ್ನಿ!"

ಎದುರಿಗೆ ತನ್ನಷ್ಟೇ ಕಟ್ಟುನಿಟ್ಟಿನ ಮನುಷ್ಯನನ್ನು ಕಂಡು ದೊಡ್ಡಲಕ್ಷ್ಮಮ್ಮನಿಗೆ ಬಹಳ ನೆಮ್ಮದಿಯಾಯಿತು.

ಮಮತಾ ಮೈಸೂರಿನಿಂದ ಬಂದವಳು ದಾರಿಯಲ್ಲೇ ಆಫ್ತಾಬನಿಂದ ಟೈಪಾದ ಪ್ರತಿ ತಂದಳು. ಸಂಜೆ ಕಾಫಿ ಕೊಟ್ಟು, ಗಂಡನ ಕೈಯ ಮೊಬೈಲು ಕಿತ್ತಿಟ್ಟು, "ಇವತ್ತಾದ್ರೂ ಕೇಳಿ" ಎಂದು ಜಗಲಿಯಲ್ಲಿ ಕೂರಿಸಿದಳು. ಒಂದು ಹಾಳೆ ತೆಗೆದು, ಗಂಟಲು ಸರಿ ಮಾಡಿಕೊಂಡು, ಕ್ಲಾಸಿನ ದನಿಯಲ್ಲಿ ಓದಿದಳು:

"ಗಡಿಯಲ್ಲಿ ಹತ್ತು ಸಾವಿರ ಅಶ್ವಗಳು ಮೂರು ಹಗಲು ಮೂರು ಇರುಳು ಕದಲದೆ ನಿಂತಿದ್ದವು. ಕ್ಷತ್ರಂಜಯನು ಖಡ್ಗವನ್ನು ಗಗನಕ್ಕೆತ್ತಿ ಸೇನೆಯತ್ತ ನೋಡಿ ಸಿಂಹದಂತೆ... ಹುಲ್ಲು ಕುಯ್ದವರು ಯಾರು. ಲದ್ದಿ ಎತ್ತಿದವರು ಯಾರು."

ಮಮತಾ ನಿಲ್ಲಿಸಿದಳು. ಮಧುಕುಮಾರ ಕಾಫಿ ಲೋಟ ಕೆಳಗಿಟ್ಟ.

"ಏ, ಚೆನ್ನಾಗೈತೆ ಕಣೇ! ಮುಂದಕ್ಕೆ ಓದು!"

ಮಮತಾ ಗಾಬರಿಯಿಂದ ಹಾಳೆ ತಿರುವಿದಳು. ಹತ್ತಿ ಸೀರೆ. ಒಂಬತ್ತು ಹಂಡೆ. ಸೇನಾಪತಿಯ ಹಸಿವು. ಐವತ್ತೊಂಬತ್ತನೇ ಪುಟಕ್ಕೆ ಬಂದಾಗ ಅವಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. "ದೊರೆ ಜ್ವರ ಎದ್ದ..." ಎಂದು ಮೆಲ್ಲಗೆ ಓದಿದಳು. ಮಧುಕುಮಾರ ಹಾಳೆ ಕಿತ್ತುಕೊಂಡು ತಟ್ಟೆಯ ಆಣೆ, ಇನ್ನೊಂದು ಮುದ್ದೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತ, ನಕ್ಕು ನಕ್ಕು ಜಗಲಿಯಿಂದ ಅಂಗಳಕ್ಕೇ ಉರುಳಿದ! "ಅವ್ವ, ಇಬ್ರು ಮಕ್ಳು ಯುದ್ಧ ಮಾಡ್ತಾವ್ರೆ, ಅಪ್ಪ ಉಣ್ತಾನೇ ಕುಂತವ್ನಲ್ಲವ್ವ!"

ಮಮತಾ ಆಫ್ತಾಬನಿಗೆ ಫೋನ್ ಮಾಡಿದಳು. "ಮೇಲ್ ಇನ್ನೂ ಕಳ್ಸಿಲ್ಲ ತಾನೇ?"

"ಮೂರು ದಿನ ಆಯ್ತು ಮೇಡಂ! ಅಲ್ಲಾ ಸತ್ಯ, ಒಂದಕ್ಷರ ಬಿಟ್ಟಿಲ್ಲ!"

ಪ್ರಕಾಶನಕ್ಕೆ ಫೋನ್ ಮಾಡಿದಳು. ಓದುವವರಿಗೆ ಆಗಲೇ ಕೊಟ್ಟಾಗಿದೆ, ಅವರು ಅರ್ಧ ಮುಗಿಸಿಯೂ ಆಗಿದೆ, ಅವರೇ ತಿಳಿಸುತ್ತಾರೆ ಅಂದರು.

ಮಮತಾ ಕಿರುಚಿದ್ದರೆ ದೊಡ್ಡಲಕ್ಷ್ಮಮ್ಮ ತಡೆದುಕೊಳ್ಳುತ್ತಿದ್ದಳು. ಸೊಸೆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿ ಮಾಡುತ್ತ ಕೂತಳು. ಮೂರು ವರ್ಷ ಅವಳು ಒಲೆಯ ಮುಂದೆ ಒಂದು ಕೈಯಲ್ಲಿ ಸೌಟು ಒಂದು ಕೈಯಲ್ಲಿ ಪೆನ್ನು ಹಿಡಿದು ನಿಂತದ್ದನ್ನು ದಿನವೂ ಕಂಡವಳು ಈ ಅತ್ತೆಯೇ.

"ಒಂದ್ಸಲ ಬೈದುಬುಡವ್ವ" ಅಂದಳು ದೊಡ್ಡಲಕ್ಷ್ಮಮ್ಮ.

"ಏನಂತ ಬೈಲಿ ಅತ್ತೆ? ಈ ಮನೇಲಿ ನಾನು ಬರ್ದಿದ್ದನ್ನ ಒಂದ್ ಸಾಲೂ ಬಿಡ್ದೆ ಓದ್ದೋರು ನೀವೊಬ್ರೇ." ಹಾಗೆಂದು ಮಮತಾ ಗಂಡನ ಕಡೆ ನೋಡಿದಳು. ಅವನ ನಗು ಅಲ್ಲಿಗೆ ನಿಂತಿತು.

ಹನ್ನೊಂದು ದಿನ ಮನೆಯಲ್ಲಿ ಕಿರೀಟಗಿರಿಯ ಹೆಸರನ್ನು ಯಾರೂ ಎತ್ತಲಿಲ್ಲ. ದೊಡ್ಡಲಕ್ಷ್ಮಮ್ಮನಿಗೆ ಊಟ ಸೇರಲಿಲ್ಲ. ತಟ್ಟೆ ನೋಡಿದರೆ ದೊರೆಯ ನೆನಪು!

ಹನ್ನೆರಡನೇ ದಿನ, ಭಾನುವಾರ ಮಧ್ಯಾಹ್ನ, ಫೋನ್ ಬಂತು. ಮಮತಾ ನೆಟ್ಟಗೆ ನಿಂತು ಸ್ಪೀಕರ್ ಹಾಕಿದಳು. ದೊಡ್ಡಲಕ್ಷ್ಮಮ್ಮ ಕಂಬದ ಪಕ್ಕ ಕೂತು ಉಸಿರು ಬಿಗಿಹಿಡಿದಳು.

"ನಾನು ಹಫೀಜಾ ಅಂತ. ಪ್ರಕಾಶನದವ್ರಿಗೆ ಹಸ್ತಪ್ರತಿ ಓದಿಕೊಡೋಳು. ನಿಮ್ಮ ಕಾದಂಬರಿ ಚೆನ್ನಾಗಿದೆ ಮಮತಾ ಅವ್ರೇ. ತಗೊಳ್ಳೋಣ ಅಂತ ಹೇಳಿದೀನಿ."

ಮಮತಾ ಗೋಡೆ ಹಿಡಿದುಕೊಂಡಳು.

"ಆದ್ರೆ ಎರಡು ಮಾತು. ನಡುನಡುವೆ ಲದ್ದಿ ಯಾರು ಎತ್ತಿದ್ರು, ಹಂಡೆ ಎಷ್ಟು ಅಂತೆಲ್ಲ ಇದ್ಯಲ್ಲ, ಅದು ಕಥೆಯ ಸಾಲಲ್ಲ ಅಂತ ಗೊತ್ತಾಯ್ತು. ಅದನ್ನ ತೆಗೀರಿ. ತೆಗೆದು, ಅದಕ್ಕೆ ಉತ್ತರ ಬರೀರಿ. ಹುಲ್ಲು ಕುಯ್ಯೋರೇ ಇಲ್ಲದ ರಾಜ್ಯ ಎಲ್ಲಾದ್ರೂ ಉಂಟಾ? ಸರಿಯಾಗೇ ಕೇಳಿದಾರೆ."

ದೊಡ್ಡಲಕ್ಷ್ಮಮ್ಮ ಬಿಗಿಹಿಡಿದ ಉಸಿರು ಬಿಟ್ಟಳು. ಬಿಟ್ಟ ರಭಸಕ್ಕೆ ಬೆನ್ನು ತಾನಾಗಿ ನೆಟ್ಟಗಾಯಿತು. ಬಾಗಿಲಲ್ಲಿ ಇಣುಕಿದ ಮಗನಿಗೆ, "ಕೇಳುಸ್ಕಂಡೇನ್ಲಾ?" ಎಂದು ಕಣ್ಣಲ್ಲೇ ಕೇಳಿದಳು.

"ಎರಡನೇದು, ಆ ದೊರೆ. ಜ್ವರ ಎದ್ದ ಅಂತ ಬರೆದಿದ್ದು ಯಾರು?"

ದೊಡ್ಡಲಕ್ಷ್ಮಮ್ಮ ಫೋನಿಗೆ ಬಾಯಿಟ್ಟಳು. "ನಾನು ಕಣವ್ವ! ಅವಳತ್ತೆ! ನಲವತ್ತು ವರ್ಸದಿಂದ ಹುಳ ಸಾಕ್ತಾ ಇವ್ನಿ. ನಾಲ್ಕನೇ ಜ್ವರ ಎದ್ದೋನು ತಿನ್ನಬೇಕು ಕಣವ್ವ, ಸಾಯಾಂಗಿಲ್ಲ! ಬೆಂಗ್ಳೂರೋರಿಗೆ ಅದು ತಿಳ್ಯಾಕಿಲ್ಲ ಬುಡು."

"ನಾನು ಬೆಂಗ್ಳೂರೋಳಲ್ಲಮ್ಮಾ, ರಾಮನಗರದೋಳೇ. ನಮ್ಮ ಅಬ್ಬಾ ರೀಲರು."

ದೊಡ್ಡಲಕ್ಷ್ಮಮ್ಮ ಫೋನಿನಿಂದ ಬಾಯಿ ಹಿಂದಕ್ಕೆ ತೆಗೆದಳು. ರೀಲರು! ನೂಲು ತೆಗೆಯಲು ಗೂಡು ಕೊಳ್ಳುವವರು! ಮಾರ್ಕೆಟ್ಟಿನಲ್ಲಿ ರಾಶಿಯಿಂದ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಚಿನ್ನದಂಥ ಬೆಳೆಗೂ ಮೂಗು ಮುರಿಯುವ ಜಾತಿ! ನಲವತ್ತು ವರ್ಷ ಅವರ ಮುಂದೆ ದೊಡ್ಡಲಕ್ಷ್ಮಮ್ಮ ಒಂದು ಮಾತು ಸೋತವಳಲ್ಲ.

ಫೋನಿನೊಳಗಿನ ದನಿ ಮಾತ್ರ ಬಹಳ ಮರ್ಯಾದೆಯಿಂದ ಮುಂದುವರಿಯಿತು. "ಐವತ್ತೊಂಬತ್ತನೇ ಪುಟದಲ್ಲಿ ಜ್ವರ ಎದ್ದ, ಸರಿ. ಉಂಡ, ಅದೂ ಸರಿ. ಎಣಿಸ್ದೆ ನಾನು, ಇಪ್ಪತ್ತಾರು ಸಲ ಉಂಡವ್ನೆ. ಅಷ್ಟರಲ್ಲಿ ಕಥೇಲಿ ಎರಡು ಮಳೆಗಾಲ ಕಳೆದ್ವು! ನಾಲ್ಕನೇ ಜ್ವರ ಎದ್ದು ಎಂಟು ದಿನಕ್ಕೆ ಹಣ್ಣಾಗ್ಬೇಕಲ್ವಾ ಅಮ್ಮಾ? ಎರಡು ವರ್ಷ ತಿಂದ್ರೂ ನಿಮ್ಮ ದೊರೆ ಒಂದೆಳೆ ನೂಲು ಬಿಟ್ಟಿಲ್ಲ, ಗೂಡು ಕಟ್ಟಿಲ್ಲ! ಇಂಥ ಬೆಳೇನ ನಮ್ಮಬ್ಬಾ ಕೈಯಲ್ಲೂ ಮುಟ್ತಿರ್ಲಿಲ್ಲ. ಯಾವೂರಿಂದ ತಂದಿದ್ರಮ್ಮಾ ಮೊಟ್ಟೆ?"

ಮಧುಕುಮಾರ ಬಾಯಿಗೆ ಟವೆಲ್ ತುರುಕಿಕೊಂಡು ಹಿತ್ತಿಲಿಗೆ ಓಡಿದ. ದೊಡ್ಡಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಗೋಡೆಯ ಗೂಡಿನಲ್ಲಿದ್ದ ನೀಲಿ ಪೆನ್ನನ್ನು ಎತ್ತಿ ತಂದು ಸೊಸೆಯ ಕೈಗಿಟ್ಟು, ಫೋನಿಗೆ ಕೇಳದಂತೆ ಅವಳ ಕಿವಿಯಲ್ಲಿ ಹೇಳಿದಳು:

"ಮಮತಾ, ಆ ದೊರೆನ ಈಗ್ಲೇ ಸಾಯಿಸ್ಬುಡವ್ವ. ಗುಂಡಿ ಬೇಕಾರೆ ನಾನೇ ತೋಡ್ತೀನಿ!"